ಕರುಣಾ ಕೆಮ್ಮಿದ ವರ್ಷ

ಸೋಯಾ ರಾಶಿಯ ಧೂಳು ಮೂಗಿಗೆ ಬಡಿದರೆ ಬೇರೆಯವರಿಗೆ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಹೋದ ವಾರ ಔರಾದಿನಿಂದ ಬೀದರಿಗೆ ಬರುವಾಗ ಬಸ್ಸು ಒಂದು ಹೊಲದ ಪಕ್ಕ ಕೆಟ್ಟು ನಿಂತಿತು. ರಸ್ತೆಯ ಅಂಚಿನಲ್ಲೇ ರಾಶಿ ಮಷೀನು ಓಡುತ್ತಿತ್ತು. ಮಳೆಗೆ ನೆನೆದು ಮುಗ್ಗಲು ಹಿಡಿದಿದ್ದ ಕಾಯಿ ಇರಬೇಕು, ಬೂದಿಯಂಥ ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ನನ್ನ ಮುಂದಿನ ಸೀಟಿನಲ್ಲಿದ್ದ ಹೆಂಗಸು ಕೆಮ್ಮತೊಡಗಿದಳು. ಬರೀ ಧೂಳಿನ ಕೆಮ್ಮು. ಆದರೂ ಅವಳ ಪಕ್ಕದಲ್ಲಿದ್ದ ಗಂಡಸು ಮುಖ ಮುರಿದು, ಮೂಗಿಗೆ ದಸ್ತಿ ಒತ್ತಿಕೊಂಡು, ಎದ್ದು ಹಿಂದೆ ಹೋಗಿ ನಿಂತ. ಅವನ ಅಂಗಿ ಹಿಡಿದು ಎಳೆದು ತಂದು ಅದೇ ಸೀಟಿನಲ್ಲಿ ಕೂಡಿಸಬೇಕು ಅನ್ನಿಸಿತು. ನಾನು ಎದ್ದು ಹೋಗಿ ಆ ಹೆಂಗಸಿನ ಪಕ್ಕ ಕೂತೆ. ಅವಳು ನನ್ನನ್ನೇ ಸಂಶಯದಿಂದ ನೋಡಿದಳು, ಅದು ಬೇರೆ ಮಾತು.

ನನ್ನ ತಂಗಿ ಕರುಣಾ ಕೆಮ್ಮಿದ ವರ್ಷವೂ ಮಳೆ ಹೀಗೇ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಸೋಯಾ ಹಾಳು ಮಾಡಿತ್ತು. ಆಗಲೂ ಈಗಿನ ಹಾಗೆ ನಾನು ಔರಾದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವಾರವಿಡೀ ಅಲ್ಲಿ ಬಾಡಿಗೆ ಖೋಲಿ, ಶನಿವಾರ ಮಧ್ಯಾಹ್ನ ಬೀದರಿಗೆ ಒಂದು ಬಸ್ಸು, ಬೀದರಿನಿಂದ ಭಾಲ್ಕಿಗೆ ಇನ್ನೊಂದು, ಭಾಲ್ಕಿಯಿಂದ ಸಾಯಗಾಂವ ಕಡೆಯ ನಮ್ಮೂರಿಗೆ ಸಿಕ್ಕ ಟಂಟಂ ಆಟೋ. ಊರಿನಲ್ಲಿ ಅವ್ವ ಮತ್ತು ಕರುಣಾ ಇಬ್ಬರೇ ಇದ್ದರು. ಮುಂದಿನ ಪಡಸಾಲೆಯಲ್ಲಿ ಕರುಣಾಳ ಹೊಲಿಗೆ ಮಷೀನು. ಬರೀ ನೋಡಿ ಅಳತೆ ಹೇಳುವವಳು ಅವಳು. ಸುತ್ತಲಿನ ಹಳ್ಳಿಗಳ ಹೆಂಗಸರು ಜಂಪರು, ರವಿಕೆ ಹೊಲಿಸಲು ಭಾಲ್ಕಿಯ ಅಂಗಡಿಗಳನ್ನು ಬಿಟ್ಟು ನಮ್ಮ ಮನೆಗೆ ಬರುತ್ತಿದ್ದರು. ನಾನು ಮಾತಿಗೆ ಮುಂಚೆ ಸಿಡುಕುವವಳು, ಅವಳು ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ನಗುವವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂದರೆ ಜನ ನಂಬುತ್ತಿರಲಿಲ್ಲ.

ಮುಂಗಾರು ಶುರುವಾದಾಗ ಕೆಮ್ಮು ಶುರುವಾಯಿತು. ನೆಗಡಿಯ ಕೆಮ್ಮು ಅಂದುಕೊಂಡೆವು. ಆಮೇಲೆ ಉಂಡದ್ದು ನಿಲ್ಲದಾಯಿತು. ಬಲಗಡೆ ಕಿಬ್ಬೊಟ್ಟೆ ಹಿಡಿದುಕೊಂಡು ಮಷೀನಿನ ಮೇಲೆ ಬಾಗಿ ಕೂರುತ್ತಿದ್ದಳು. ಹೊಲಿಯುತ್ತ ಹೊಲಿಯುತ್ತ ಎದ್ದು ಹಿತ್ತಲಿಗೆ ಓಡುತ್ತಿದ್ದಳು. ಅವ್ವ ಅಜವಾನದ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಯಾರೋ ಹೇಳಿದರೆಂದು ದಾಳಿಂಬೆ ಸಿಪ್ಪೆ ಕುದಿಸಿ ಕೊಟ್ಟಳು. ನಾಗರಪಂಚಮಿಯ ಹೊತ್ತಿಗೆ ಕರುಣಾ ತನ್ನ ಜಂಪರುಗಳಿಗೆಲ್ಲ ತಾನೇ ಒಳಗೆ ಹೊಲಿಗೆ ಹಾಕಿಕೊಂಡು ಸಣ್ಣ ಮಾಡಿಕೊಳ್ಳುತ್ತಿದ್ದಳು.

ಭಾಲ್ಕಿಯ ಡಾಕ್ಟರು ಎದೆಯ ಫೋಟೋ ತೆಗೆಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎದೆಯಲ್ಲಿ ಕಲೆಗಳು ಕಂಡವು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ಬಾತಿತ್ತು. ಕಫದಲ್ಲಿ ರೋಗಾಣು ಸಿಗಲಿಲ್ಲ, ಆದರೂ ಎದೆಯಲ್ಲೂ ಇದೆ, ಕರುಳಲ್ಲೂ ಇದೆ, ಆದ್ದರಿಂದ ಇದು ಟಿ.ಬಿ.ಯೇ ಎಂದರು. ಗುಳಿಗೆ ಶುರುವಾದವು. ಶುರು ಮಾಡಿದ್ದಕ್ಕೆ ನಾನು ಆ ಡಾಕ್ಟರನ್ನು ಬೈಯುವುದಿಲ್ಲ. ನಮ್ಮ ಕಡೆ ಕೆಮ್ಮಿ ಕೆಮ್ಮಿ ಸೊರಗಿದವರನ್ನು ನೋಡಿದರೆ ಯಾವ ಡಾಕ್ಟರ ಬುದ್ಧಿಯೂ ಮೊದಲು ಅಲ್ಲಿಗೇ ಹೋಗುತ್ತದೆ, ಹೋಗಲೂಬೇಕು. ನನ್ನ ಸಿಟ್ಟು ಆಮೇಲಿನದು. ಎರಡು ತಿಂಗಳಾದರೂ ಅವಳ ಮೈ ಹತ್ತಲಿಲ್ಲ, ಕೆಮ್ಮು ನಿಲ್ಲಲಿಲ್ಲ, ಹೊಟ್ಟೆನೋವು ಹೆಚ್ಚಾಯಿತು. ಬೇರೆ ಏನಾದರೂ ಇರಬಹುದೇ, ಇನ್ನೊಮ್ಮೆ ನೋಡುತ್ತೀರಾ ಅಂತ ಕೇಳಿದೆ. ನೀವು ನಿಮ್ಮ ಪಾಠ ಮಾಡಿ ಟೀಚರ್, ನಾನು ನನ್ನದು ಮಾಡುತ್ತೇನೆ ಎಂದು ಅವರು ಮುಂದಿನವರನ್ನು ಕರೆದರು.

ಆ ಗುಳಿಗೆಗಳಿಗೆ ಮೈಯ ನೀರೆಲ್ಲ ಕೆಂಪಾಗುತ್ತದೆ. ಕರುಣಾಳ ಬೆವರು ಕೂಡ ಕಿತ್ತಳೆ ಬಣ್ಣಕ್ಕೆ ತಿರುಗಿ ಬಿಳಿ ಜಂಪರಿನ ಕಂಕುಳಲ್ಲಿ ಕಲೆ ಬೀಳುತ್ತಿತ್ತು. ಗಿರಾಕಿಗಳ ಬಿಳಿ ಬಟ್ಟೆಗೆ ಹತ್ತೀತೆಂದು ಅವಳು ಕೈಯನ್ನು ಮತ್ತೆ ಮತ್ತೆ ಸೀರೆಗೆ ಒರೆಸಿಕೊಂಡು ಹೊಲಿಯುತ್ತಿದ್ದಳು. ಯಾರಿಗೂ ಹೇಳುವುದು ಬೇಡ ಅಂತ ಅವ್ವನ ಹಟ. ಗುಳಿಗೆಯ ಪಟ್ಟಿಗಳನ್ನು ಕರುಣಾ ಕಿಟಕಿಯ ಕಟ್ಟೆ ಮೇಲೆ ದಾರದ ಉಂಡೆಗಳ ಹಿಂದೆ ಇಡುತ್ತಿದ್ದಳು.

ಒಂದು ದಿನ ಮೂರು ಮನೆ ಆಚೆಯ ಮಾರ್ಥವ್ವ ಅಳತೆ ಕೊಡಲು ಬಂದಳು. ನಮ್ಮ ಚರ್ಚಿನ ಹೆಂಗಸರ ಸಂಘಕ್ಕೆ ಅವಳೇ ಹಿರಿಯಳು. ಪ್ರಾರ್ಥನೆಗೆ ಎದ್ದರೆ ಕಣ್ಣೀರು ತರಿಸುವಷ್ಟು ಚಂದ ಪ್ರಾರ್ಥಿಸುತ್ತಾಳೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ದಾರದ ಹಿಂದಿನ ಪಟ್ಟಿಯನ್ನು ಅವಳು ಒಂದೇ ನೋಟಕ್ಕೆ ಗುರುತು ಹಿಡಿದಳು. ಏನೂ ಕೇಳಲಿಲ್ಲ. ಅಳತೆ ಇನ್ನೊಂದು ದಿನ ಕೊಡುತ್ತೇನೆ ಎಂದು ತಂದಿದ್ದ ಬಟ್ಟೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದಳು. ಆ ಭಾನುವಾರದ ಹೊತ್ತಿಗೆ ಸಭೆಗೆಲ್ಲ ಗೊತ್ತಾಗಿತ್ತು.

ಮುಂದಿನ ವಾರದಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸು ಒಯ್ದರು. ಕತ್ತರಿಸಿಟ್ಟಿದ್ದ ಜಂಪರಿನ ತೋಳು, ಬೆನ್ನು, ಎಲ್ಲವನ್ನೂ ತುಂಡು ತುಂಡಾಗಿಯೇ ಒಯ್ದರು. ಮನೆಯೊಳಗೆ ಕೂಡ ಬರಲಿಲ್ಲ, ಹೊಸ್ತಿಲ ಆಚೆ ನಿಂತು ಕೈ ಚಾಚಿದರು. ಚರ್ಚಿನಲ್ಲಿ ಕರುಣಾ ಕೂತ ಬೆಂಚಿನಲ್ಲಿ ಅವಳೊಬ್ಬಳೇ. ಅವಳಿಗಾಗಿ ಶುಕ್ರವಾರ ಶುಕ್ರವಾರ ಮಾರ್ಥವ್ವನ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಡೆಯಿತು. ಹಸಿದು ಕೂತರು, ಅತ್ತರು, ಅವಳ ಹೆಸರು ಹಿಡಿದು ದೇವರಲ್ಲಿ ಬೇಡಿಕೊಂಡರು. ಅವಳನ್ನು ಮಾತ್ರ ಕರೆಯಲಿಲ್ಲ.

ನಾನು ಶನಿವಾರ ಬಂದಾಗಲೆಲ್ಲ ಕಂಡವರೊಡನೆ ಜಗಳ ಕಾದೆ. ಸರಿಯಾಗಿ ಗುಳಿಗೆ ತಗೊಂಡ ಕೆಲವು ವಾರಗಳಲ್ಲಿ ಟಿ.ಬಿ. ಸಾಮಾನ್ಯವಾಗಿ ಇನ್ನೊಬ್ಬರಿಗೆ ಹತ್ತುವುದಿಲ್ಲ, ಬಟ್ಟೆಯಿಂದಲೂ ಹತ್ತುವುದಿಲ್ಲ, ತಾಟಿನಿಂದಲೂ ಹತ್ತುವುದಿಲ್ಲ ಎಂದು ಗಂಟಲು ಹರಿದುಕೊಂಡೆ. ಹೌದು ಟೀಚರ್, ಖರೆ ಟೀಚರ್ ಅಂದರು. ಅಂದು ಒಂದು ಹೆಜ್ಜೆ ಹಿಂದೆ ಸರಿದರು. ಹೊಲದಿಂದ ಬಂದ ಧೂಳು ಎಲ್ಲರ ಮನೆಗೂ ನುಗ್ಗಿ ಎಲ್ಲರೂ ಕೆಮ್ಮುತ್ತಿದ್ದ ಕಾಲ ಅದು; ಊರೇ ಕೆಮ್ಮುತ್ತಿತ್ತು, ಆದರೆ ಕೆಮ್ಮು ಎಂದು ಲೆಕ್ಕಕ್ಕೆ ಬಂದದ್ದು ಕರುಣಾಳದೊಂದೇ.

ಸೋಯಾ ರಾಶಿ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಹೊಲ ಇದ್ದವರು ಮೊದಲ ಬೆಳೆ ತಂದು ದೇವರ ಮುಂದೆ ಇಡುತ್ತಾರೆ: ಸೋಯಾ, ಹೆಸರು, ಉದ್ದು, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಹೊಲ ಇಲ್ಲದವರು ಕೈಯಿಂದ ಮಾಡಿದ್ದು ಏನಾದರೂ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಸವಾಲಿಗೆ ಹಚ್ಚುತ್ತಾರೆ. ಹೆಚ್ಚು ಕೂಗಿದವರಿಗೆ ವಸ್ತು, ಬಂದ ದುಡ್ಡು ಚರ್ಚಿಗೆ. ಭಾವ ಭಾವನ ಮೇಲೆ, ಬೀಗರು ಬೀಗರ ಮೇಲೆ ಹಟಕ್ಕೆ ಬಿದ್ದು ಒಂದು ಬದನೆಕಾಯಿಗೆ ಕೂಗಾಡುವ ಗಲಾಟೆ ಅದು. ವರ್ಷದಲ್ಲಿ ನಮ್ಮ ಸಭೆ ಅಷ್ಟು ನಗುವ ದಿನ ಇನ್ನೊಂದಿಲ್ಲ. ಕರುಣಾ ಪ್ರತಿ ವರ್ಷ ಶೇಂಗಾ ಹೋಳಿಗೆಯ ಒಂದು ಡಬ್ಬಿ ಕೊಡುತ್ತಿದ್ದಳು. ಅದಕ್ಕೆ ಪ್ರತಿ ವರ್ಷ ಜಗಳವೇ ಆಗುತ್ತಿತ್ತು.

ಆ ವರ್ಷ ಬೇಡ ಅಂತ ಅವ್ವ ಹೇಳಿದಳು. ಈ ವರ್ಷ ಒಂದು ತೆಂಗಿನಕಾಯಿ ಇಟ್ಟು ಬರೋಣ ಅಂದಳು. ಕರುಣಾ ಕೇಳಲಿಲ್ಲ. ಬೆಳಗಿನಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಲೆ ಮುಂದೆ ಕೂತು ಶೇಂಗಾ ಹುರಿದಳು, ಬೆಲ್ಲ ಕುಟ್ಟಿದಳು, ಲಟ್ಟಿಸಿದಳು. ನಡುನಡುವೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ನಾನು ಲಟ್ಟಣಿಗೆ ತಗೊಳ್ಳಲು ಹೋದರೆ ಕೊಡಲಿಲ್ಲ.

ಸವಾಲು ಕೂಗುವ ಹಿರಿಯರು ಕುಂಬಳಕಾಯಿ ಮಾರಿದರು, ಕೋಳಿ ಮಾರಿದರು. ಆಮೇಲೆ ನಮ್ಮ ಸ್ಟೀಲಿನ ಡಬ್ಬಿ ಎತ್ತಿ ಹಿಡಿದರು. ಯಾರೂ ಬೆಲೆ ಕೂಗಲಿಲ್ಲ. ಅವರು ಇನ್ನೊಮ್ಮೆ ಕೂಗಿದರು. ಒಬ್ಬ ಮಗುವನ್ನು ಎತ್ತಿಕೊಂಡು ಆಚೆ ಹೋದ. ಮಾರ್ಥವ್ವ ಸೆರಗಿನ ಅಂಚನ್ನು ನೋಡಿಕೊಳ್ಳುತ್ತಿದ್ದಳು. ಪಾಸ್ಟರು, ಪಾಪ, ಹೊಸಬರು, ಹಾಡಿನ ಪುಸ್ತಕ ತೆರೆದು ಏನೋ ಹುಡುಕತೊಡಗಿದರು. ನನಗೆ ತಡೆಯಲಿಲ್ಲ, ಸವಾಲು ಕೂಗಲು ಬಾಯಿ ತೆಗೆದೆ. ಕರುಣಾ ನನ್ನ ಕೈ ಒತ್ತಿದಳು.

“ನೀ ಕೂಗಬ್ಯಾಡಕ್ಕ. ಮನಿದು ಮನಿಯವರೇ ಕೊಂಡ್ರ ಅದು ಸವಾಲಲ್ಲ.”

ಅವಳು ಎದ್ದು ಹೋಗಿ ಹಿರಿಯರ ಕೈಯಿಂದ ಡಬ್ಬಿ ಇಸಿದುಕೊಂಡಳು. ಅಲ್ಲೇ, ಎಲ್ಲರ ಮುಂದೆ, ಬೇವಿನ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆದು ಒಂದು ಹೋಳಿಗೆ ತಿಂದಳು. ಇನ್ನೊಂದು ತಿಂದಳು. ಅದರಲ್ಲಿ ವಿಷವಿಲ್ಲ ಎಂದು ತೋರಿಸುವ ಹಾಗೆ ಇನ್ನೊಂದನ್ನೂ ತಿಂದಳು. ಗಂಜಿ ಇಳಿಯದ ಹೊಟ್ಟೆಗೆ ಶೇಂಗಾ ತುಂಬಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ತಡೆದರೆ ಆ ಜನರ ಮುಂದೆ ಅವಳು ಸೋತಂತಾಗುತ್ತದೆ ಅಂತ ನಾವಿಬ್ಬರೂ ನೋಡುತ್ತ ನಿಂತೆವು. ಸವಾಲು ಮುಂದಿನ ವಸ್ತುವಿಗೆ ಹೋಯಿತು.

ಮರುದಿನ ಬೆಳಗ್ಗೆ ಅವಳ ಹೊಟ್ಟೆ ಕಲ್ಲಾಗಿತ್ತು. ಹನಿ ನೀರು ಕುಡಿದರೂ ಹಸಿರು ವಾಂತಿ. ಬಾಡಿಗೆ ಜೀಪು ಮಾಡಿಕೊಂಡು ನೇರ ಬೀದರಿಗೆ ಒಯ್ದೆವು. ಅವ್ವ ದಾರಿಯುದ್ದಕ್ಕೂ ಯೇಸಪ್ಪಾ ಯೇಸಪ್ಪಾ ಅನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ ಸಭೆಯ ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದೆ.

ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿ ಹೊಟ್ಟೆ ಖಾಲಿ ಮಾಡಿದರು. ಕರುಳು ಒಂದು ಕಡೆ ಕಿರಿದಾಗಿದೆ, ಪೂರ್ತಿ ಮುಚ್ಚಿದರೆ ಕೊಯ್ಯಬೇಕಾಗುತ್ತದೆ ಎಂದರು. ಹೈದರಾಬಾದಿನಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುವ ಹೊಟ್ಟೆಯ ಡಾಕ್ಟರಮ್ಮ ಮರುದಿನ ಬಂದರು. ಅವರು ಹುಟ್ಟಿ ಬೆಳೆದದ್ದು ಬೀದರಿನ ಹಳೇ ಊರಿನಲ್ಲೇ ಅಂತೆ, ಮಾತು ನಮ್ಮದೇ. ಹೊಟ್ಟೆ ಸ್ವಲ್ಪ ಸುಮ್ಮನಾದ ಮೇಲೆ ದುರ್ಬೀನಿನ ನಳಿಗೆ ಹಾಕಿ ಕರುಳಿನೊಳಗೆ ನೋಡಿದರು, ಸಣ್ಣ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎದೆಯ ಫೋಟೋ ಮತ್ತೆ ನೋಡಿದರು. ನಾನು ಕೇಳುವ ಮೊದಲೇ ಸ್ಟೂಲು ಎಳೆದುಕೊಂಡು ಕರುಣಾಳ ಹಾಸಿಗೆಯ ಪಕ್ಕ ಕೂತರು. ಅಷ್ಟು ತಿಂಗಳಲ್ಲಿ ಅವಳ ಪಕ್ಕ ಹಾಗೆ ಹತ್ತಿರ ಬಂದು ಕೂತ ಮೊದಲ ಹೊರಗಿನವರು ಅವರು.

ಎದೆಯದು, ಹೊಟ್ಟೆಯದು ಎರಡು ಬೇರೆ ರೋಗ ಇರಲಿಕ್ಕಿಲ್ಲ, ಟಿ.ಬಿ.ಯೂ ಇರಲಿಕ್ಕಿಲ್ಲ ಅಂದರು. ರೋಗದ ವಿರುದ್ಧ ಕಾಯುವ ಬಿಳಿ ರಕ್ತಕಣಗಳೇ ಕರುಳನ್ನು ಸುಡುವ ಒಂದು ಬೇನೆ ಇದೆ, ಕ್ರೋನ್ಸ್ ಅಂತ ಅದರ ಹೆಸರು. ಕೆಲವರಲ್ಲಿ ಅದು ಶ್ವಾಸಕೋಶಕ್ಕೂ ಕೈ ಹಾಕುತ್ತದೆ. ಹೊಟ್ಟೆಯ ಜಗಳ ಎದೆಗೆ ಯಾಕೆ ಬರಬೇಕು ಅಂತ ನಾನು ಕೇಳಿದೆ.

“ಬಸ್ಸಿಗೆ ಬೋರ್ಡ್ ಇರ್ತದಲ್ರಿ ಟೀಚರ್, ಭಾಲ್ಕಿ, ಔರಾದ ಅಂತ, ಹಂಗ ಈ ಕಣದ ಮೈಮ್ಯಾಲ ಗ್ರಾಹಕ, ಅಂದ್ರ ರಿಸೆಪ್ಟರ್ ಅಂತ ಇರ್ತಾವ. ಕರುಳಿನ ಗ್ರಾಹಕ ಇದ್ದದ್ದು ಕರುಳಿನ ಸ್ಟಾಪಿನಾಗೇ ಇಳೀಬೇಕು. ಎದಿ ಒಳಗ ಉರಿ ಎದ್ದಾಗ ಅಲ್ಲಿ ರಕ್ತನಾಳ ಸೈತ ಕರುಳಿನ ಸ್ಟಾಪಿನಂಗ ಕಾಣ್ತದ, ಮತ್ತ ಇವು ಅಲ್ಲೂ ಇಳೀತಾವ. ಇದು ಒಂದು ಅಂದಾಜು ನೋಡ್ರಿ. ಪೂರಾ ಗೊತ್ತಾದವರು ಇನ್ನಾ ಯಾರೂ ಇಲ್ಲ.”

ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು ಅಂತ ವರ್ಷ ವರ್ಷ ಬೋರ್ಡಿನ ಮೇಲೆ ಬರೆಸಿದವಳು ನಾನು. ಸೈನಿಕರಿಗೆ ಎಲ್ಲಿ ಇಳಿಯಬೇಕು, ಯಾರನ್ನು ಕಂಡು ಕೂಗಬೇಕು ಅಂತ ಹೇಳುವುದು ಅವರ ಮೈಮೇಲಿನ ಆ ಪುಟ್ಟ ಗ್ರಾಹಕಗಳು, ಅವು ತಪ್ಪಿದರೆ ಸೈನ್ಯ ಸ್ವಂತ ಊರನ್ನೇ ಸುಡುತ್ತದೆ ಅಂತ ನಮ್ಮ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ಹೊರಗಿನ ಧೂಳು, ಮುಗ್ಗಲು ಕೂಡ ಎದೆಯ ಉರಿ ಹೆಚ್ಚಿಸಿರಬಹುದು ಎಂದರು ಡಾಕ್ಟರಮ್ಮ. ನನಗೆ ಆ ರಾಶಿ ಮಷೀನಿನ ಮೇಲೂ ಸಿಟ್ಟು ಬಂತು.

ಹಾಗಾದರೆ ಈಗಲೇ ಔಷಧ ಕೊಡಿ ಅಂದೆ. ಈಗಲೇ ಆಗುವುದಿಲ್ಲ ಎಂದು ಅವರು ತಲೆ ಆಡಿಸಿದರು. ಉರಿಯನ್ನು ತಣಿಸುವ ಔಷಧ ಕಾವಲನ್ನೂ ಮಲಗಿಸುತ್ತದೆ. ಒಳಗೆ ನಿಜವಾಗಿ ಟಿ.ಬಿ. ಎಲ್ಲಾದರೂ ಅಡಗಿದ್ದರೆ ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ. ಕಳಿಸಿದ ಚೂರುಗಳಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ನೋಡಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಔಷಧ ಕೊಟ್ಟರೆ ಆ ಅಪಾಯ, ಕೊಡದಿದ್ದರೆ ಅಷ್ಟರಲ್ಲಿ ಕರುಳು ಮುಚ್ಚಿಕೊಳ್ಳುವ ಅಪಾಯ. ನಾನು ಅವರ ಮೇಲೂ ರೇಗಿದೆ. ಭಾಲ್ಕಿಯವರು ನೋಡದೆ ಕೊಟ್ಟರು, ನೀವು ನೋಡಿಯೂ ಕೊಡುವುದಿಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ. ನನ್ನನ್ನು ಬಿಟ್ಟು ಕರುಣಾಳ ಕಡೆ ತಿರುಗಿ, ನೀ ಏನಂತಿ ಅಂತ ಕೇಳಿದರು. ಆ ವರ್ಷ ಅವಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ, ನಾನೂ ಸೇರಿ. ಕಾಯ್ತೇನ್ರಿ ಅಂದಳು ಕರುಣಾ.

ಕಾದೆವು. ಅವಳಿಗೆ ಬರೀ ನೀರಿನಂಥ ಗಂಜಿ, ಎಳನೀರು, ಡಬ್ಬಿಯ ಪುಡಿ ಕಲಸಿದ ಹಾಲು. ನಾನು ಶಾಲೆಗೆ ರಜೆ ಹಾಕಿ ಬೀದರಿನಲ್ಲಿ ಒಬ್ಬ ಗೆಳತಿಯ ಮನೆಯಲ್ಲಿ ಉಳಿದೆ. ಪ್ರತಿ ಸಲ ಅವಳು ಹೊಟ್ಟೆ ಹಿಡಿದಾಗ ಇದೇ ಕೊನೆಯ ಮುಚ್ಚುವಿಕೆ ಇರಬಹುದೇ ಅಂತ ನನ್ನ ಜೀವ ಹಾರುತ್ತಿತ್ತು. ಊರಿನಿಂದ ಯಾರೂ ನೋಡಲು ಬರಲಿಲ್ಲ. ಪಾಸ್ಟರು ಫೋನ್ ಮಾಡಿ ಪ್ರಾರ್ಥಿಸಿದರು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಅದೇ ದವಾಖಾನೆಯಲ್ಲಿ ಟಿ.ಬಿ. ಗುಳಿಗೆ ಕೊಡುವ ಖೋಲಿಯ ಮುಂದೆ ಹಾದುಹೋಗುವಾಗ ಮಾರ್ಥವ್ವನನ್ನು ಕಂಡೆ. ನಮ್ಮನ್ನು ನೋಡಲು ಬಂದಿದ್ದಾಳೆ ಅಂತ ಒಂದು ಗಳಿಗೆ ನನ್ನ ಮನಸ್ಸು ಕರಗಿತು. ಆಮೇಲೆ ಅವಳ ಹಿಂದೆ ಮುಖಕ್ಕೆ ಸೆರಗು ಮುಚ್ಚಿ ನಿಂತಿದ್ದ ಹುಡುಗಿ ಕಂಡಳು. ಮಾರ್ಥವ್ವನ ಸೊಸೆ ರೆಬೆಕ್ಕಾ, ಡಾಬಕಾ ಕಡೆಯಿಂದ ಮದುವೆಯಾಗಿ ಬಂದವಳು. ಮಳೆಗಾಲದಿಂದಲೂ ತವರಿಗೆ ಹೋಗಿದ್ದಾಳೆ ಅಂತ ಮಾರ್ಥವ್ವ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ರೆಬೆಕ್ಕಾಳ ಕೈಯಲ್ಲಿ ಕರುಣಾ ನುಂಗುತ್ತಿದ್ದ ಅದೇ ಗುಳಿಗೆಯ ಪಟ್ಟಿಗಳು. ಆ ಗುಳಿಗೆ ಭಾಲ್ಕಿಯಲ್ಲೇ ಸಿಗುತ್ತದೆ. ಗುರುತಿನವರು ಕಂಡಾರೆಂದು ಬೀದರಿಗೆ ಬರುತ್ತಿದ್ದರು. ನಮ್ಮ ಕಿಟಕಿಯಲ್ಲಿ ದಾರದ ಹಿಂದೆ ಇದ್ದದ್ದನ್ನು ಮಾರ್ಥವ್ವ ಒಂದೇ ನೋಟಕ್ಕೆ ಹೇಗೆ ಗುರುತಿಸಿದಳು ಎಂದು ನನಗೆ ಆಗ ತಿಳಿಯಿತು.

ಅವಳು ನನ್ನ ಕೈ ಹಿಡಿದುಕೊಂಡಳು. “ಊರಾಗ ಹೇಳಬ್ಯಾಡ್ರಿ ಟೀಚರ್. ಹುಡುಗಿ ಬಾಳೇವು ಹಾಳಾಗ್ತದ. ಹಿಂದಿನ ಖೋಲ್ಯಾಗ ಬ್ಯಾರೆ ತಾಟು ಕೊಟ್ಟು ಇಟ್ಟೀನಿ, ಯಾರಿಗೂ ತ್ರಾಸಿಲ್ಲ.”

ಕೈ ಕಿತ್ತುಕೊಂಡೆ. ಬೇರೆ ತಾಟು. ತನ್ನ ಮನೆಯಲ್ಲಿ ಒಂದು ಹುಡುಗಿಯನ್ನು ಹಿಂದಿನ ಖೋಲಿಯಲ್ಲಿ ಕೂಡಿಹಾಕಿ, ಅದರ ಮುಂದಿನ ಖೋಲಿಯಲ್ಲೇ ನನ್ನ ತಂಗಿಗಾಗಿ ಉಪವಾಸ ಪ್ರಾರ್ಥನೆ ಮಾಡಿಸಿದ್ದಳು. ಊರಿನ ಕಣ್ಣೆಲ್ಲ ನಮ್ಮ ಹೊಸ್ತಿಲ ಮೇಲೆ ಇದ್ದರೆ ಅವಳ ಹಿತ್ತಲನ್ನು ಯಾರು ನೋಡುತ್ತಾರೆ! ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ರೆಬೆಕ್ಕಾ ಮಾತ್ರ ನೆಲ ನೋಡುತ್ತ, ಕರುಣಾ ಅಕ್ಕ ಹ್ಯಾಂಗ ಇದ್ದಾಳ್ರಿ ಅಂತ ಮೆಲ್ಲಗೆ ಕೇಳಿದಳು.

ಓಡಿ ಹೋಗಿ ಕರುಣಾಳಿಗೆ ಎಲ್ಲ ಹೇಳಿದೆ. ಊರಿಗೆ ಹೋದ ಮೊದಲ ಭಾನುವಾರವೇ ಚರ್ಚಿನ ನಡುವೆ ನಿಂತು ಮಾರ್ಥವ್ವನ ಮರ್ಯಾದೆ ತೆಗೆಯುತ್ತೇನೆ ಅಂದೆ. ಕರುಣಾ ಗೋಡೆ ಕಡೆ ಮುಖ ಮಾಡಿದಳು. ಮಾರ್ಥವ್ವನ ಮಾತೇ ಎತ್ತಲಿಲ್ಲ. ಆ ಹುಡುಗಿ ಊಟಕ್ಕೆ ಯಾರ ಜೊತೆ ಕೂರುತ್ತಾಳೆ ಅಂತ ಕೇಳಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಕಡೆಗೆ ಫಲಿತಾಂಶ ಬಂತು. ಚೂರುಗಳಲ್ಲಿ ಟಿ.ಬಿ. ರೋಗಾಣು ಬೆಳೆಯಲಿಲ್ಲ. ಡಾಕ್ಟರಮ್ಮ ಹಳೆಯ ಗುಳಿಗೆ ನಿಲ್ಲಿಸಿ ಉರಿ ತಣಿಸುವ ಔಷಧ ಶುರು ಮಾಡಿದರು. ಕೆಲವೇ ದಿನಗಳಲ್ಲಿ ಕರುಣಾ ಹಸಿವು ಅಂದಳು. ಆ ಮಾತು ಕೇಳಿ ಅವ್ವ ಕಾರಿಡಾರಿಗೆ ಹೋಗಿ ಅತ್ತಳು. ಮೆತ್ತಗಿನ ಅನ್ನ ಇಳಿಯಿತು, ನಿಂತಿತು. ಹೊಟ್ಟೆಗೆಂದು ಕೊಟ್ಟ ಔಷಧಕ್ಕೆ ಕೆಮ್ಮೂ ಸದ್ದಿಲ್ಲದೆ ಕಡಿಮೆಯಾಯಿತು. ಮುಂದೆ ಆ ಗ್ರಾಹಕವನ್ನೇ ಮುಚ್ಚಿ ಕಣಗಳು ಕರುಳಿನಲ್ಲಿ ಇಳಿಯದಂತೆ ಮಾಡುವ ಚುಚ್ಚುಮದ್ದು ಕೊಡುವ ಯೋಚನೆ ಇದೆ, ಬೇನೆ ಬೇರು ಸಮೇತ ಹೋಗುವಂಥದ್ದಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಂಡು ಬದುಕಬೇಕು ಎಂದು ಡಾಕ್ಟರಮ್ಮ ಕರುಣಾಳಿಗೇ ತಿಳಿಸಿ ಹೇಳಿದರು. ಕ್ರಿಸ್‌ಮಸ್ಸಿಗೆ ಮೊದಲು ನಾವು ಊರಿಗೆ ಬಂದೆವು.

ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಟಿ.ಬಿ. ಅಲ್ಲಂತ! ಹೊಸ್ತಿಲ ಆಚೆ ನಿಂತಿದ್ದವರು ಒಳಗೆ ಬಂದರು, ಚಾಪೆ ಮೇಲೆ ಕೂತರು, ಕರುಣಾಳ ಗದ್ದ ಹಿಡಿದು ಮುದ್ದಿಸಿದರು, ಅವ್ವ ಮಾಡಿದ ಚಹಾ ಕುಡಿದರು. ಕ್ರಿಸ್‌ಮಸ್ಸಿನ ಬಟ್ಟೆಗಳ ಗಂಟು ಮಷೀನಿನ ಮೇಲೆ ಬಂದು ಬಿದ್ದವು. ತುಂಡುತುಂಡಾಗಿ ಒಯ್ದಿದ್ದ ಜಂಪರನ್ನು ತುಂಡುತುಂಡಾಗಿಯೇ ತಂದುಕೊಟ್ಟವರೂ ಇದ್ದರು. ಯಾರಿಗೂ ನಾಚಿಕೆ ಆಗಲಿಲ್ಲ. ರೋಗ ತಪ್ಪಾಗಿತ್ತು, ಈಗ ಸರಿಯಾಯಿತು, ಮುಗಿಯಿತು, ಅಷ್ಟೇ. ತಾವು ಮಾಡಿದ್ದು ತಪ್ಪು ಅಂತ ಒಂದು ಬಾಯಿಂದಲೂ ಬರಲಿಲ್ಲ. ಬಂದವರಲ್ಲಿ ಮಾರ್ಥವ್ವ ಮೊದಲಿಗಳು. ನನ್ನ ಕಣ್ಣು ತಪ್ಪಿಸಿ ಕೂತಿದ್ದಳು.

ಹೊಸ ವರ್ಷದ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ರೂಢಿ. ಹೋದ ವರ್ಷ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರು ಎದ್ದು ಹೇಳುತ್ತಾರೆ. ಕರುಣಾ ಸಾಕ್ಷಿ ಹೇಳಲೇಬೇಕು ಎಂದು ಪಾಸ್ಟರು ಮನೆಗೆ ಬಂದು ಕೇಳಿದರು. ಟಿ.ಬಿ. ಎಂಬ ಕಳಂಕವನ್ನು ದೇವರು ತೊಳೆದರು ಎಂದು ಅವಳು ಹೇಳಿದರೆ ಸಭೆಯ ವಿಶ್ವಾಸ ಹೆಚ್ಚುತ್ತದೆ ಎಂಬುದು ಅವರ ಆಸೆ. ಕಳಂಕ ಎಂಬ ಮಾತು ಕೇಳಿ ನಾನು ಎದ್ದು ನಿಂತೆ. ಕರುಣಾ, ಆಯ್ತ್ರಿ ಹೇಳ್ತೇನಿ ಅಂದಳು. ಪಾಸ್ಟರು ಹೋದ ಮೇಲೆ, ನೀನು ಹೇಳುವಾಗ ನಾನೂ ಎದ್ದು ಮಾರ್ಥವ್ವನ ಬಣ್ಣ ಬಯಲು ಮಾಡುತ್ತೇನೆ, ಈಗ ಬಿಟ್ಟರೆ ಇನ್ನು ಯಾವಾಗ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

“ಮಾರ್ಥವ್ವನ ಹೆಸರು ತಗದ್ರ ಬಯಲಾಗಾಕಿ ಮಾರ್ಥವ್ವ ಅಲ್ಲಕ್ಕ, ರೆಬೆಕ್ಕಾ. ನಾಳಿ ಎಲ್ಲಾರೂ ಆಕಿನ್ನ ನೋಡ್ತಾರ. ನನ್ನ ನೋಡಿದ್ರಲ್ಲ, ಹಂಗ.”

ಆ ಭಾನುವಾರ ಚರ್ಚು ತುಂಬಿತ್ತು. ಕರುಣಾಳ ಎರಡೂ ಪಕ್ಕ ಹೆಂಗಸರು ಒತ್ತಿಕೊಂಡು ಕೂತಿದ್ದರು. ರೆಬೆಕ್ಕಾಳನ್ನೂ ಹಬ್ಬಕ್ಕೆ ತವರಿನಿಂದ ಬಂದಳು ಅಂತ ಹೇಳಿ ಕರೆತಂದಿದ್ದರು. ಕಡೆಯ ಬೆಂಚಿನ ತುದಿಯಲ್ಲಿ ಮೂಗಿನವರೆಗೆ ಸೆರಗೆಳೆದುಕೊಂಡು ಕೂತಿದ್ದಳು, ಪಕ್ಕದಲ್ಲಿ ಮಾರ್ಥವ್ವ ಕಾವಲು. ಒಬ್ಬರು ಮಗನ ನೌಕರಿಗೆ, ಒಬ್ಬರು ಎಮ್ಮೆ ಈದದ್ದಕ್ಕೆ ಸ್ತೋತ್ರ ಹೇಳಿದರು. ಕರುಣಾಳ ಸರದಿ ಬಂತು. ಅವಳು ಮುಂದೆ ಹೋಗಿ ನಿಂತಳು. ಹೊಸ ಜಂಪರು ತೊಟ್ಟಿದ್ದಳು, ಭುಜದಲ್ಲಿ ಇನ್ನೂ ಸಡಿಲ. ಬದುಕಿಸಿದ ದೇವರಿಗೂ ಡಾಕ್ಟರಮ್ಮನಿಗೂ ಸ್ತೋತ್ರ ಎಂದು ಶುರು ಮಾಡಿದಳು. ಎಲ್ಲರೂ ಆಮೆನ್ ಅಂದರು.

“ನನಗ ಟಿ.ಬಿ. ಇರ್ಲಿಲ್ಲಂತ ಗೊತ್ತಾತು, ಅದಕ್ಕ ಇವತ್ತ ನನ್ನ ಬಾಜೂಕ ಕುಂತೀರಿ. ಒಂದು ಮಾತು ಕೇಳ್ತೇನ್ರಿ. ನನಗ ಅದು ಇದ್ದೇ ಇತ್ತು ಅಂತ ತಿಳೀರಿ. ಇವತ್ತೂ ಅದೇ ಗುಳಿಗಿ ನುಂಗ್ಲತ್ತೀನಿ ಅಂತ ತಿಳೀರಿ. ನನ್ನ ಜೋಡಿ ಕುಂತು ಉಣ್ಣವರು ಯಾರದೀರಿ, ನಮ್ಮ ಮನಿಯವರು ಬಿಟ್ಟು? ಕೈ ಎತ್ತರಿ.”

ಒಂದು ಕೈಯೂ ಏಳಲಿಲ್ಲ. ಅವಳು ಕಾದಳು. ಡಾಕ್ಟರಮ್ಮನ ಮುಂದೆ ಕಾಯ್ತೇನ್ರಿ ಅಂದಿದ್ದಳಲ್ಲ, ಅಷ್ಟೇ ಶಾಂತವಾಗಿ ನಿಂತು ಕಾದಳು. ನನಗೆ ಎದ್ದು ಕಿರುಚಬೇಕೆನಿಸಿತು. ತುಟಿ ಕಚ್ಚಿ ಕೂತೆ. ಪಾಸ್ಟರು ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹಿಂದೆ ಸರಿದರು.

ಕಡೆಯ ಬೆಂಚಿನಲ್ಲಿ ಒಂದು ಕೈ ಎದ್ದಿತು. ಸೊರಗಿದ ಕೈ, ಬಳೆಗಳು ಮೊಣಕೈವರೆಗೆ ಜಾರಿದವು. ಸಭೆಯೆಲ್ಲ ತಿರುಗಿ ನೋಡಿತು. ಮಾರ್ಥವ್ವ ಆ ಕೈ ಹಿಡಿದು ಕೆಳಗೆ ಎಳೆದು ತನ್ನ ಮಡಿಲಲ್ಲಿ ಒತ್ತಿಟ್ಟುಕೊಂಡಳು.

“ಮಾರ್ಥವ್ವ, ಆ ಕೈ ಬಿಡ್ರಿ,” ಅಂದಳು ಕರುಣಾ.

ಮಾರ್ಥವ್ವ ನನ್ನ ಕಡೆ ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಬಿಟ್ಟಳು. ಕೈ ಮತ್ತೆ ಮೇಲೆ ಹೋಯಿತು.